ವಾರ್ದುಷ್ ದಾಟುವ ಮೆಟ್ಟಿಲು

ಟಿಬಿಲಿಸಿಯ ನಡುಚೌಕಕ್ಕೆ ಹೆಸರಿಟ್ಟವರು ಬಹಳ.
ಫಲಕ ಬದಲಾದಾಗಲೆಲ್ಲ ಮೊಳೆ ಮಾತ್ರ ಹಳೆಯದೇ.
ಈಗದು ಸ್ವಾತಂತ್ರ್ಯ. ಕಂಬದ ತುದಿಯಲ್ಲಿ
ಚಿನ್ನದ ಸಂತ ಘಟಸರ್ಪಕ್ಕೆ ಈಟಿ ತಿವಿದಿದ್ದಾನೆ.
ಕೆಳಗೆ ಝವೂರಿ ವ್ಯಾನಿನಿಂದ ತಲೆ ಹೊರಹಾಕಿ
ಕೂಗುತ್ತಾನೆ: "ಲೆನಿನ್ ಹತ್ರ ಇಳಿಯೋರು ಯಾರಿದೀರಿ?"
ಇಪ್ಪತ್ತರ ಹುಡುಗಿಯೂ ಇಳಿಯುತ್ತಾಳೆ,
ತಾನು ಹುಟ್ಟುವ ಮೊದಲೇ ಉರುಳಿದವನ ಹತ್ತಿರ.

ನಾನು ಗುಡಿಸುವವನು. ನಸುಕಿನ ನಾಲ್ಕರಿಂದ ಏಳರವರೆಗೆ
ಊರು ನನ್ನದು.
ನನಗೆ ಅದರ ಮುಖದ ಪರಿಚಯ ಅಷ್ಟಕ್ಕಷ್ಟೆ,
ಅಂಗಾಲು ಗೊತ್ತು.

ಹಳೇ ಸಂಸತ್ತು ನಿಂತಲ್ಲಿ ಇಗರ್ಜಿಯಿತ್ತಂತೆ.
ಅದರ ಅಂಗಳದಲ್ಲಿ, ಇಪ್ಪತ್ತೊಂದರ ಚಳಿಯಲ್ಲಿ ಸತ್ತ ಕೆಡೆಟ್ ಹುಡುಗರು,
ಮೀಸೆ ಬರಲೋ ಬೇಡವೋ ಎನ್ನುತ್ತಿದ್ದ ವಯಸ್ಸು.
ಇಗರ್ಜಿ ಕೆಡವಿದರು. ಹುಡುಗರನ್ನೇನು ಮಾಡಿದಿರಿ ಅಂದರೆ
ಕಚೇರಿಯ ಕಡತ ಕೆಮ್ಮುತ್ತದೆ.
ಅದೇ ಮೆಟ್ಟಿಲ ಮುಂದೆ ಏಪ್ರಿಲ್ ಒಂಬತ್ತಕ್ಕೆ ಟುಲಿಪ್ ರಾಶಿ.
ಆ ಸತ್ತವರಿಗೆ ಕಲ್ಲಿದೆ. ಹತ್ತನೆಯ ತಾರೀಖು
ನಾನು ಅತ್ತ ಪೊರಕೆ ಹಾಕುವುದಿಲ್ಲ,
ಮೇಸ್ತ್ರಿ ಬೈಯುತ್ತಾನೆ.

ಇನ್ನು ನಮ್ಮ ವಠಾರದ ವಾರ್ದುಷ್. ಆರ್ಮೇನಿಯದವಳು, ಎಂಬತ್ತಾರು.
ಮೇಲಿನ ಬೀದಿಯ ಕಲ್ಲುಮೆಟ್ಟಿಲು ಹತ್ತುವಾಗ
ಹನ್ನೊಂದನೆಯದನ್ನು ತುಳಿಯುವುದಿಲ್ಲ.
ಮಂಡಿನೋವು, ಎಂದರು ಎಲ್ಲ.
ಮಂಡಿನೋವಿನವಳು ಒಮ್ಮೆಗೆ ಎರಡು ಮೆಟ್ಟಿಲು ಏರುತ್ತಾಳೆಯೇ?

ಮಂಜುಗಟ್ಟಿದ ಒಂದು ಬೆಳಗ್ಗೆ ನಾನು ಉಪ್ಪೆರಚುತ್ತಿದ್ದೆ.
"ಅಲ್ಲಿ ಮೆಲ್ಲಗೆ," ಅಂದಳು.
"ನನಗಾಗ ಹತ್ತು ವರ್ಷ. ಅಪ್ಪ ಗಾರೆಯವನು.
ಖೋಜಿವಾಂಕದ ಗೋರಿಗಳನ್ನು ಕಿತ್ತು
ಗಾಡಿಗಟ್ಟಲೆ ಕಲ್ಲು ತಂದು ಸುರಿದರು.
ಬರಹ ಕೆಳಗೆ, ಬೆನ್ನು ಮೇಲೆ, ಹಾಗೆ ಕೂರಿಸಬೇಕು, ಆಜ್ಞೆ.
ಹನ್ನೊಂದನೆಯದನ್ನು ಎತ್ತಿದಾಗ
ತನ್ನ ತಾಯಿಯ ಹೆಸರು ಓದಿದ."

"ಆಮೇಲೆ?"

"ಕೂರಿಸಿದ. ರಸಮಟ್ಟ ಹಿಡಿದು ನೋಡಿದ.
ಸಂಜೆ ರೊಟ್ಟಿ ತಂದ. ನಾವು ತಿಂದೆವು."

ಬರುವ ವಾರ ಗ್ರಾನೈಟ್ ಹಾಸುತ್ತಾರೆ,
ಪ್ರವಾಸಿಗರು ಜಾರಬಾರದಂತೆ.
ಹಳೇ ಕಲ್ಲು ಎಲ್ಲಿಗೆ ಎಂದು ಮೇಸ್ತ್ರಿಯನ್ನು ಕೇಳಿದೆ.
ಬುನಾದಿಗೆ, ಅಂದ. ಯಾವುದರ ಬುನಾದಿ?
ಅವನಿಗೆ ಯಾರೂ ಹೇಳಿಲ್ಲ.

"ಮಗುಚಿದಾಗ ನೀನಿರು," ಅಂದಳು ವಾರ್ದುಷ್,
"ಓದಿ ನನಗೆ ಹೇಳು."
"ನಿಮ್ಮ ಲಿಪಿ ನನಗೆ ಬರದಲ್ಲ, ತಾಯಿ."

ಅವಳು ಹತ್ತನೆಯ ಮೆಟ್ಟಿಲಲ್ಲಿ ನಿಂತು,
ಕಂಬಿ ಹಿಡಿದು ಬಗ್ಗಿ, ಊರುಗೋಲಿನ ತುದಿಯಿಂದ
ನಾನೆರಚಿದ ಉಪ್ಪಿನಲ್ಲಿ ಒಂದು ಅಕ್ಷರ ಬರೆದಳು.
"ಇಷ್ಟು ನೆನಪಿಟ್ಟುಕೋ. ಇದರಿಂದ ಶುರು."

ಕೊಡೆಯ ಹಿಡಿಕೆಯಂಥದು, ಒಂದು ಗೆರೆ ಜಾಸ್ತಿ.
ಆ ಒಂದು ಮೊಳವನ್ನು ಗುಡಿಸದೆ ಬಿಟ್ಟೆ.
ಏಳು ಹೊಡೆಯಿತು. ಕೆಳಗೆ ಝವೂರಿಯ ವ್ಯಾನು ನಿಂತು
ಜನ ಇಳಿದರು,
ಮೇಲೆ ಹತ್ತತೊಡಗಿದರು.