ಬಂತೇನು?

"ಸಲೋಮಕ್ಕಾ, ಬಂತೇನು?"
ವಾಕಿಟಾಕಿಯೊಳಗ ಮೌನೇಶನ ದನಿ,
ಹಿಂದ ಓಮ್ನಿ ಗಾಡಿಯ ಗಿರಗಿರ.
ನಾನು ಬೆಟಗೇರಿಯ ಅಡಿಗಿಮನ್ಯಾಗ
ಹದಿನಾಲ್ಕು ಇಂಚಿನ ಟೀವಿ ಮುಂದ,
ಒಲಿ ಮ್ಯಾಲ ಜ್ವಾಳದ ನುಚ್ಚು ಕೊತಕೊತ.
"ಇಲ್ಲೋ. ಬರೇ ಉಸುಕು."

ಉಸುಕು ಅಂದ್ರ ನಮ್ಮ ಲೆಕ್ಕದಾಗ ಪಿ-ಸೊನ್ನಿ.
ಪಿ-ಐದು ಅಂದ್ರ ಮದುವಿ ಫೋಟೋದಂಥಾ ಚಿತ್ರ.
ಹನ್ನೊಂದು ವರ್ಷದಾಗ ಪಿ-ಐದು ಬಂದದ್ದು ಎರಡು ಸಲ,
ಎರಡೂ ಸಲ ಗಾಡಿ ನಮ್ಮನಿ ಮುಂದನ ನಿಂತಿತ್ತು.

ನೀರಿನ ಟಾಕಿ ಮ್ಯಾಲ ನಮ್ಮ ರಿಪೀಟರು,
ತಗಡಿನ ಪೆಟ್ಟಿಗಿ, ಅದರ ಕೀಲಿ ನನ್ನ ಸೆರಗಿನ ಗಂಟಿನಾಗ.
ಕೇಳಿದ್ದಕ್ಕ ತಂದೊಂದು ಸೇರಸೂದಿಲ್ಲ,
ಒಂದು ದನಿಯಾಗ ಹಿಡದು ಇನ್ನೊಂದು ದನಿಯಾಗ ಬಿಡತೈತಿ.
ಓಣಿ ಮಂದಿ ಹಿಂಗ ಇದ್ದಿದ್ದರ
ನನ್ನ ಲಗ್ನ ಮುರೀತಿರಲಿಲ್ಲ.

ಬೆಸುಗಿ ಎಲ್ಲಾ ಮೌನೇಶಂದು. ಪತ್ತಾರ ಅಂವ,
ಮೂಗುತಿಗೆ ಹರಳು ಕೂಡಿಸೋ ಕೈ,
ಸಾಸಿವಿ ಕಾಳಿನಷ್ಟು ಸೀಸ ಹೆಚ್ಚಾದರ ನಾಚತಾನ.
ಟಾಕಿ ಏರಾಂವ ಮೆಹಬೂಬ,
ಹೆಸ್ಕಾಂ ಬಿಟ್ಟರೂ ಏಣಿ ಬಿಟ್ಟಿಲ್ಲ.
ಮಂಗ್ಯಾ ಕೇಬಲ್ ಕಡದಾಗ ಬಾಯಿತುಂಬ ಬೈತಾನ,
ಮರುದಿನ ಅದಕ್ಕೊಂದು ಬಾಳಿಹಣ್ಣು ಒಯ್ತಾನ.

ಯಾರೂ ಏನೂ ಕಳಸದಾಗ
ಪರದೆ ಖಾಲಿ ಇರಬಾರದಲ್ಲ, ಬಣ್ಣದ ಪಟ್ಟಿ ಬೇಕು.
ನೇಕಾರ ಕೋಟ್ರೇಶಿ ಒಂದು ಸೀರಿನ ನೇದು ಕೊಟ್ಟ:
ಬಿಳಿ, ಹಳದಿ, ಮುಗಿಲಬಣ್ಣ, ಹಸರು,
ಗುಲಾಬಿ, ಕೆಂಪು, ಕೊನಿಗೆ ನೀಲಿ.
ಮಗ್ಗದಿಂದ ಏಳದನ ಕೇಳಿದ, "ಟೀವ್ಯಾಗ ಎಷ್ಟು ಎಳಿ?"
"ಆರನೂರಾ ಇಪ್ಪತ್ತೈದು. ಮೊದಲ ಬೆಸ ಎಳಿ, ಆಮ್ಯಾಲ ಸರಿ ಎಳಿ."
"ಅಷ್ಟನ?" ನಕ್ಕುಬಿಟ್ಟ.
"ನನ್ನ ಸೆರಗಿನಾಗನ ಅದಕಿಂತ ಹೆಚ್ಚು ಅದಾವ."
ಈಗ ರಾತ್ರಿಯೆಲ್ಲಾ ಆ ಸೀರಿ
ಗದಗಿನ ಮ್ಯಾಲ ಹಾಸಿರತೈತಿ.
ನೋಡೂರು ನಾಕು ಮಂದಿ.

ಇವತ್ತು ಗಾಡಿ ಮುಳಗುಂದ ದಾಟೇತಿ.
ಕಪ್ಪತಗುಡ್ಡದ ಕಡೆ ಗಾಳಿಯಂತ್ರ ತಿರಗತಾವ,
ಒಂದೊಂದು ರೆಕ್ಕಿಯೂ ಬರೂ ಚಿತ್ರಾನ
ಸೌತಿಕಾಯಿ ಹೆಚ್ಚಿದಂಗ ಹೆಚ್ಚತೈತಿ.
"ಬಂತೇನು?"
ಉಸುಕು.
"ಒಂದು ಮಾರು ಮುಂದ ತಗೋ."
"ಈಗ?"
ಉಸುಕಿನೊಳಗ ಏನೋ ಕಪ್ಪಗ.
"ಆಂಟೆನಾ ಎಡಕ್ಕ. ಭಾಳ ಆತು. ಹಾಂ, ಅಲ್ಲೇ. ಉಸಿರು ಹಿಡಿ."
ನುಚ್ಚು ತಳಾ ಹತ್ತಿದ ವಾಸನಿ. ನಾ ಏಳಲಿಲ್ಲ.

ಎರಡು ಕೋಡು.
ಒಂದು ಕಿವಿ.
ಎಮ್ಮಿ!
ಇಪ್ಪತ್ತನಾಲ್ಕು ಕಿಲೋಮೀಟರ್ ಆಚೆ,
ಎರಡು ವ್ಯಾಟಿನ ಜೀವದ ಮ್ಯಾಲ,
ಮೆಲುಕು ಹಾಕಕೊಂತ ನನ್ನನ್ನ ನೋಡಾಕತ್ತೈತಿ,
ನಾನೇ ಅದರ ಹೊಲದಾಗ ಹೊಕ್ಕಂಗ.

ವಹಿಯಾಗ ಬರದೆ: ಸಂಜಿ ಐದು ನಲವತ್ತು.
ದಿಕ್ಕು ನೈಋತ್ಯ. ಪಿ-ಮೂರು.
ವಿಷಯ ಅನ್ನೂ ಅಂಕಣದಾಗ ಒಂದ ಶಬ್ದ.
ಕೆಳಗ ಸಹಿ.

ಮೌನೇಶ ಇನ್ನೂ ಕೇಳಾಕತ್ತಾನ,
ತಾ ಕಳಿಸಿದ್ದು ಅವಗ ಕಾಣೂದಿಲ್ಲಲ್ಲ.
"ಸಲೋಮಕ್ಕಾ, ಬಂತೇನು? ಬಂತೇನು?"
ಗುಂಡಿ ಮ್ಯಾಲ ಬೆರಳಿತ್ತು. ಒತ್ತಲಿಲ್ಲ.
ಎಮ್ಮಿ ಇನ್ನೊಂದು ಕಿವಿನೂ
ಅಳ್ಳಾಡಿಸಲಿ ಅಂತ.