ಡಿಲೀಟ್ ಒತ್ತಿದ ಮೇಲೆ

ಪವರ್ ಒತ್ತಿದ ಮರುಗಳಿಗೆಗೇ
ಡಿಲೀಟ್ ಕೀಲಿಯನ್ನು ಟಕಟಕ ಕುಟ್ಟಬೇಕು,
ಬಾಗಿಲು ಮುಚ್ಚಿಕೊಳ್ಳುವ ಮೊದಲು
ಸಂದಿಗೆ ಕಾಲಿಡುವವರ ಹಾಗೆ.
ತಡವಾಯಿತೋ, ವಿಂಡೋಸ್ ಬಂದು ನಗುತ್ತದೆ;
ಮತ್ತೆ ಮೊದಲಿಂದ.

ಮಂಡ್ಯ, ಗುತ್ತಲು ರಸ್ತೆ, ರಾತ್ರಿ ಹತ್ತೂಕಾಲು.
ಪಕ್ಕದ ಜೆರಾಕ್ಸಿನವನು ಷಟರ್ ಎಳೆದು ಹೋದ.
ಕಬ್ಬಿನ ಟ್ರ್ಯಾಕ್ಟರುಗಳು ಒಂದರ ಬಾಲ ಒಂದು ಹಿಡಿದು
ಕಾರ್ಖಾನೆ ಕಡೆಗೆ ತೆವಳುತ್ತಿವೆ.
ಒಂದೊಂದು ಹೋದಾಗಲೂ ಅಂಗಡಿ ನಡುಗಿ
ತಟ್ಟೆಯಲ್ಲಿಟ್ಟ ಸ್ಕ್ರೂಗಳು ಗಿಲಿಗಿಲಿ.

ಬೋರ್ಡು ತಬ್ರೇಜನದು. ಮದುವೆ ವಿಡಿಯೋದವನು.
ಈ ತಿಂಗಳು ಹದಿನಾಲ್ಕು ಮುಹೂರ್ತ,
ಒಂದೊಂದಕ್ಕೂ ಹನ್ನೊಂದು ತಾಸು ರೆಂಡರು.
"ಶೀಲಕ್ಕ, ಐದು ಗಿಗಾ ಹೊಡೀಬೇಕು ಇದು.
ಡಬ್ಬದ ಮೇಲೇ ಬರ್ದವ್ರೆ."
ಡಬ್ಬದ ಮೇಲೆ ಬೆಂಕಿ ಉಗುಳುವ ಹದ್ದೂ ಇದೆ.
ಅದನ್ನು ಕೇಳಲಿಲ್ಲ ಅವನು.

ನೋಡುತ್ತ ಹೋದೆ, ಒಂದೊಂದೇ ಪುಟ.
ಫ್ಯಾನಿನ ಗೆರೆ ಚೆನ್ನ, ಎಳೆದ ಕಡೆ ಬಾಗುತ್ತದೆ.
ಮೆಮೊರಿ ಪ್ರೊಫೈಲು ಒಂದೇ ಒತ್ತಿಗೆ ಕೂತಿತು.
ವೋಲ್ಟೇಜನ್ನು ಮಾತ್ರ ಮೂರು ಮೆನು ಹಿಂದೆ ಬಚ್ಚಿಟ್ಟಿದ್ದಾರೆ,
ನಮ್ಮತ್ತೆ ತುಪ್ಪದ ಗಿಂಡಿ ಇಟ್ಟ ಹಾಗೆ.
ಬಲಗಡೆ ಸಹಾಯದ ಅಂಕಣ:
ಲೋಡ್ ಲೈನ್ ಅಂದರೇನಪ್ಪ ಎಂದರೆ
'ಲೋಡ್ ಲೈನ್ ಬದಲಿಸಲು ಇದನ್ನು ಬಳಸಿ' ಅನ್ನುತ್ತದೆ.
ಬರೆದವನು ಯಾವುದೋ ತಾಲ್ಲೂಕು ಕಚೇರಿಯಲ್ಲಿ ಕಲಿತಿರಬೇಕು.

ಇನ್ನು 'ಆಟೋ'. ಅದನ್ನು ನಂಬಲಾರೆ.
ಬೀಗರೂಟದಲ್ಲಿ ಸಾರು ಬಿಡುವವನು ಅದು,
ಸಾಕೆಂದರೂ ಇನ್ನೊಂದು ಸೌಟು.
ಎಲೆಗೆ ಕೈ ಅಡ್ಡ ಹಿಡಿದು ನಾನೇ ಬರೆದೆ:
ಒಂದು ಪಾಯಿಂಟ್ ಎರಡು ಐದು.

ನಲವತ್ತೈದು. ಎದ್ದಿತು.
ನಲವತ್ತೇಳು. ಎದ್ದಿತು; ಎಪ್ಪತ್ತೆಂಟು ಡಿಗ್ರಿ.
ಅರ್ಧ ಗಂಟೆ ದುಡಿಸಿ ನೋಡಬೇಕು.
ಕಾಯುತ್ತಿದ್ದೇವೆ ಇಬ್ಬರೂ,
ಅದೊಂದು ಅರ್ಥದಲ್ಲಿ, ನಾನೊಂದು ಅರ್ಥದಲ್ಲಿ.

ಹೊಳಲಿನ ಆಲೆಮನೆಯಲ್ಲಿ ಪಾಕ ನೋಡುತ್ತಿದ್ದವನು
ನಮ್ಮ ದೊಡ್ಡಪ್ಪ.
ಬೆರಳನ್ನು ತಣ್ಣೀರಿಗೆ ಅದ್ದಿ, ಕುದಿಗೆ ಅದ್ದಿ, ಮತ್ತೆ ತಣ್ಣೀರಿಗೆ.
ಉಂಡೆ ಕಟ್ಟಿ ಕೊಪ್ಪರಿಗೆಯ ಅಂಚಿಗೆ ಹೊಡೆದರೆ
ಠಣ್ ಅನ್ನಬೇಕು.
ಯಾರೋ ಆಫೀಸರು ಉದ್ದದ ಥರ್ಮಾಮೀಟರು ಕೊಟ್ಟಿದ್ದರು;
ಬೆನ್ನು ತುರಿಸಿಕೊಳ್ಳಲು ಇಟ್ಟುಕೊಂಡ.
ಒಲೆಗೆ ರಚ್ಚು ತುರುಕುವ ಹುಡುಗ ಅವಸರ ಮಾಡಿದರೆ
"ಉರಿ ನಿಂದು ಮಗ, ಬೆಲ್ಲ ನಂದು" ಅನ್ನುತ್ತಿದ್ದ.
ಅವನೂ ಒಮ್ಮೆ ತಪ್ಪಿದ.
ತಳ ಹಿಡಿದ ಆ ಬೆಲ್ಲವನ್ನೆಲ್ಲ ಎತ್ತುಗಳಿಗೆ ಹಾಕಿದರು.
ಎತ್ತುಗಳು ಏನೂ ಅನ್ನಲಿಲ್ಲ.

ಸರಿ, ನಲವತ್ತೊಂಬತ್ತು. ತೊದಲಿತು, ನಿಂತಿತು.
ಹುಚ್ಚಿಗೆ ಐವತ್ತು ಕೊಟ್ಟೆ, ವೋಲ್ಟೇಜೂ ಏರಿಸಿದೆ.
ಎದ್ದಿತಲ್ಲ! ಐದು ಗಿಗಾ, ಪರದೆಯ ಮೇಲೆ, ಅಚ್ಚುಕಟ್ಟಾಗಿ.
ತಬ್ರೇಜನಿಗೆಂದು ಒಂದು ಫೋಟೋ ಹೊಡೆಯೋಣವೆಂದು
ಮೊಬೈಲು ಹುಡುಕುವಷ್ಟರಲ್ಲಿ
ಫ್ಯಾನು ಊಳಿಟ್ಟು, ತೊಂಬತ್ತೇಳು, ತೊಂಬತ್ತೊಂಬತ್ತು,
ಕತ್ತಲು.
ಮೂಲೆಯಲ್ಲೊಂದು ಕೆಂಪು ಅಂಕಿ, ಹುಣ್ಣಿನ ಹಾಗೆ.

ನಾಣ್ಯದಂಥ ಬ್ಯಾಟರಿಯನ್ನು ಉಗುರಿನಿಂದ ಎಬ್ಬಿ
ಮೂವತ್ತರವರೆಗೆ ಎಣಿಸಿದೆ. ನಡುವೆ ಎರಡು ಟ್ರ್ಯಾಕ್ಟರು.
ಮರಳಿ ಹಾಕಿದಾಗ ಎದ್ದು ಕೂತಿತು:
ಜನವರಿ ಒಂದು, ಎರಡು ಸಾವಿರದ ಹತ್ತೊಂಬತ್ತು.
ನಾನು ಮಾಡಿದ್ದು ಒಂದೂ ನೆನಪಿಲ್ಲ ಅದಕ್ಕೆ.
ನನ್ನ ಬೆರಳ ತುದಿ ಮಾತ್ರ ಇನ್ನೂ ಚುರುಚುರು,
ಹೀಟ್‌ಸಿಂಕ್ ಮುಟ್ಟಿ ನೋಡಿದ್ದೆನಲ್ಲ.
ತಾರೀಖು ತಿದ್ದಿ ಮತ್ತೆ ನಲವತ್ತೇಳಕ್ಕೆ ಕೂರಿಸಿದೆ.

ಬೆಳಿಗ್ಗೆ ತಬ್ರೇಜ್ ಬಂದ, ಹೆಲ್ಮೆಟ್ಟು ತೆಗೆಯದೆಯೇ
"ಐದು ಬರ್ಲಿಲ್ವ?" ಅಂದ.
"ಬರುತ್ತೆ. ನಿಲ್ಲಲ್ಲ" ಅಂದೆ.
"ನಿಮ್ ಕಡೆ ಮುಹೂರ್ತ ಎಷ್ಟೊತ್ತು ನಿಲ್ಲುತ್ತೆ ಹೇಳು?"
ನಕ್ಕ. ಎರಡು ತಾಸು ಉಳಿಯಿತೆಂದು ದುಡ್ಡೂ ಕೊಟ್ಟ.

ಒಂದು ಹೇಳುವುದು ಬಿಟ್ಟೆ.
ಸೇವ್ ಮಾಡುವಾಗ ಪ್ರೊಫೈಲಿಗೊಂದು ಹೆಸರು ಕೇಳಿತು,
ಇಂಗ್ಲಿಷ್ ಅಕ್ಷರದಲ್ಲೇ ಬೇಕಂತೆ.
ಹದ ಎಂದು ನಾಲ್ಕಕ್ಷರ ಕುಟ್ಟಿದೆ.
ಮುಂದೆ ಯಾರಾದರೂ ಬಿಚ್ಚಿದವರು
ಹಡ ಅಂತಲೋ ಹಾಡ ಅಂತಲೋ
ಓದಿಕೊಳ್ಳಲಿ.