ದೋಷ ಕಂಡುಬಂದಿಲ್ಲ

ಇಪ್ಪತ್ತೆರಡು ವರ್ಷದಿಂದ ಪತ್ರಿಕೆಯಲ್ಲಿ ಕರಡು ತಿದ್ದುತ್ತೇನೆ.
ಹಿರಿಯರು ಯಾರಾದರೂ ಹೋದರೆ ಸಾಕು,
'ಕೊಂಡಿ ಕಳಚಿತು' ಅಂತ ಬಂದುಬಿಡುತ್ತದೆ ತಲೆಬರಹ.
ರಂಗಭೂಮಿಯ ಕೊಂಡಿ, ಸಹಕಾರಿ ರಂಗದ ಕೊಂಡಿ,
ಒಮ್ಮೆ ಕೇರಂ ಲೋಕದ ಕೊಂಡಿ.
ಬೇರೆ ಏನಾದರೂ ಬರೆಯಿರಪ್ಪ ಅಂದರೆ
ಡೆಸ್ಕಿನವರು ನಗುತ್ತಾರೆ.

ಈಗ ನನ್ನದೇ ಕಳಚುತ್ತಿದೆ,
ಎಡಗೈಯಲ್ಲಿ, ದಿನಕ್ಕೆ ಮೂರು ಸಲ.

ಮೊದಲು ನವರಂಗ್ ತಿರುವಿನಲ್ಲಿ.
ಬಸ್ಸು ವಾಲಿತು, ಕಂಬಿ ಹಿಡಿದಿದ್ದೆ,
ಟಪ್ ಅಂತ ಬಾಯಿಬಿಟ್ಟು
ಮೊಣಕೈವರೆಗೂ ಜಾರಿ ಕೂತಿತು ವಾಚು.
ಆಮೇಲೆ ದರ್ಶಿನಿಯಲ್ಲಿ,
ಚಟ್ನಿಗೆ ಕೈಚಾಚಿದ ಗಳಿಗೆ ನೋಡಿ
ಸೀದಾ ಸಾಂಬಾರಿನ ಬಟ್ಟಲಿಗೆ.
ಐವತ್ತು ಮೀಟರು ನೀರು ತಡೆಯುತ್ತದಂತೆ;
ಸಾಂಬಾರಿನ ವಿಷಯ ಪುಸ್ತಿಕೆಯಲ್ಲಿಲ್ಲ.

ಸಂಪಿಗೆ ರಸ್ತೆ, ಸರ್ವಿಸ್ ಸೆಂಟರು, ಟೋಕನ್ ನಲವತ್ತೊಂದು.
ಕೌಂಟರಿನ ಹುಡುಗಿ ಶಾಹಿಸ್ತಾ
ಹಾಕಿದಳು, ತೆಗೆದಳು, ಜಗ್ಗಿದಳು.
ಕ್ಲಿಕ್. ಕ್ಲಿಕ್. ಕ್ಲಿಕ್.
ನೆಂಟರೆದುರು ಕೈಕಟ್ಟಿ ಕೂತ ಮಗುವಿನ ಹಾಗೆ
ಒಂದು ಸಲವೂ ಬಿಚ್ಚಲಿಲ್ಲ.
'ಸರಿಯಾಗೇ ಇದೆಯಲ್ಲ ಮೇಡಂ?'
ಚಾಡಿ ಹೇಳಲು ಬಂದವಳಂತೆ ನಿಂತೆ.

ಯಂತ್ರಕ್ಕೆ ಎರಡು ವರ್ಷ, ಚೈನಿಗೆ ಆರೇ ತಿಂಗಳು.
ಲೆಕ್ಕ ಹಾಕಿದೆವು: ಒಂಬತ್ತು ದಿನ ಉಳಿದಿತ್ತು.
ಕಾರ್ಡಿನಲ್ಲಿ 'ಖಾತರಿ' ಹೋಗಿ 'ಕಾತರಿ' ಆಗಿತ್ತು,
ಅಲ್ಲೇ ಕೆಂಪು ಪೆನ್ನು ತೆಗೆದು ತಿದ್ದಿ ಕೊಟ್ಟೆ.
ಅವಳು ವಾಚನ್ನು ಪ್ಲಾಸ್ಟಿಕ್ ಲಕೋಟೆಗೆ ಹಾಕಿ
ಅಂಟಿಸಿದಳು. ಹದಿನೈದು ಕೆಲಸದ ದಿನ.

ಅಷ್ಟು ದಿನವೂ ಯಾರಾದರೂ ಗಂಟೆ ಕೇಳಿದರೆ
ಮಣಿಕಟ್ಟಿನ ಬಿಳಿ ಪಟ್ಟೆ ನೋಡಿಯೇ ಹೇಳಿದೆ.
ಹೆಚ್ಚುಕಡಿಮೆ ಸರಿಯೇ ಇರುತ್ತಿತ್ತು.

ವಾಪಸು ಬಂತು, ಜೊತೆಗೊಂದು ಚೀಟಿ:
'ದೋಷ ಕಂಡುಬಂದಿಲ್ಲ.'
ಬೈಯಲು ಬಾಯಿ ತೆರೆದವಳು ಮುಚ್ಚಿಕೊಂಡೆ.
ನನಗೂ ಎಷ್ಟೋ ರಾತ್ರಿ ಕಂಡುಬಂದಿಲ್ಲ,
ಎರಡೆರಡು ಸಲ ಓದಿ ಸಹಿ ಹಾಕಿದ ಪುಟದಲ್ಲೇ
ಬೆಳಿಗ್ಗೆ ಹಲ್ಲು ಕಿರಿಯುತ್ತಾ ನಿಂತಿರುತ್ತದೆ.

ತೊಟ್ಟುಕೊಂಡೆ. ರಿಜಿಸ್ಟರಿಗೆ ಸಹಿ ಹಾಕಲು ಬಗ್ಗಿದೆ.
ಟಪ್.
ಕೌಂಟರಿನ ಗಾಜಿನ ಮೇಲೆ, ಅವಳ ಕಣ್ಣೆದುರಿಗೇ.

ಶಾಹಿಸ್ತಾ ಅದನ್ನು ನೋಡಿದಳು,
ಮ್ಯಾನೇಜರ ಬಾಗಿಲು ನೋಡಿದಳು.
ಖಾತರಿ ಮುಗಿದು ಹನ್ನೆರಡು ದಿನವಾಗಿತ್ತು.
ಆಗ ಕಣ್ಣಿಗೆ ಬಿತ್ತು,
ಅವಳ ಕೊರಳಿನ ಐಡಿ ಕಾರ್ಡಿಗೂ ಕೊಕ್ಕೆ ಇಲ್ಲ,
ರಬ್ಬರ್ ಬ್ಯಾಂಡಿನಲ್ಲಿ ನೇತಾಡುತ್ತಿದೆ.
ನಾನು ನೋಡಿದ್ದನ್ನು ಅವಳೂ ನೋಡಿದಳು,
ಕಾರ್ಡನ್ನು ಮೆಲ್ಲಗೆ ತಿರುವಿಕೊಂಡಳು.

ಚೀಟಿ ಎಳೆದುಕೊಂಡು ಹಿಂಬದಿಗೆ ಬರೆದಳು:
'ಧೋಷ ಇದೆ. ನಾನೇ ನೋಡಿದೀನಿ.'
ಕೆಳಗೆ ಸಹಿ. ಪಕ್ಕದಲ್ಲಿ
ನಾನು ಮೊದಲು ಬಂದ ದಿನದ ತಾರೀಖು.

ದಕಾರಕ್ಕೆ ಬೇಡದ ಹೊಟ್ಟೆಸೀಳು.
ಪೆನ್ನು ಬೆರಳ ಸಂದಿಯಲ್ಲೇ ಇತ್ತು.
ಇರಲಿ ಅಂತ ಮುಚ್ಚಳ ಹಾಕಿದೆ.

ಬೆನ್ನ ಹಿಂದೆ ಟೋಕನ್ ಐವತ್ತಾರು ಕೆಮ್ಮಿತು.